ಆಣೆಗೆಂದು ಹತ್ತಿಸಿದ ಬೆಟ್ಟ

ಅತ್ತೆ, ಜಯಂತಿಯನ್ನು ನಾನು ಮಾಲೇಕಲ್ಲು ಬೆಟ್ಟದ ದೇವಸ್ಥಾನಕ್ಕೆ ಕರೆದುಕೊಂಡು ಹೋದದ್ದು ಹರಕೆ ತೀರಿಸಲು ಅಲ್ಲ. ನಿಮ್ಮ ಮಗಳ ನಡತೆಯ ಮೇಲೆ ಅನುಮಾನಪಟ್ಟು, ಸ್ವಾಮಿಯ ಎದುರು ಉರಿಯುವ ಕರ್ಪೂರದ ಮೇಲೆ ಕೈಯಿಡಿಸಿ ಆಣೆ ಮಾಡಿಸಲು. ಹೆಂಡತಿಯ ಆರೋಗ್ಯಕ್ಕಾಗಿ ಬೆಟ್ಟ ಹತ್ತಿದ ಅಳಿಯ ಎಂದು ನೀವು ಇಷ್ಟು ವರ್ಷ ಬಾಣಾವರದಲ್ಲೆಲ್ಲ ಹೇಳಿಕೊಂಡು ಬಂದಿರಿ — ನಾನು ಸುಮ್ಮನೆ ಹೊಗಳಿಸಿಕೊಂಡೆ.

ಮೊದಲ ಬಸಿರು ನಿಲ್ಲಲಿಲ್ಲ. ಮಗುವಿನ ಬದಲು ದ್ರಾಕ್ಷಿ ಗೊಂಚಲಿನಂಥ ಗಡ್ಡೆ ಬೆಳೆದಿದೆಯೆಂದು ಅರಸೀಕೆರೆಯ ಡಾಕ್ಟರಮ್ಮ ಅದನ್ನು ತೆಗೆದರು. ತಿಂಗಳು ತಿಂಗಳೂ ಪರೀಕ್ಷೆಗೆ ಬನ್ನಿ ಎಂದರು. ಗಡ್ಡೆ ಹೋಯಿತಲ್ಲ, ಇನ್ನೆಂಥ ಪರೀಕ್ಷೆ ಎಂದುಕೊಂಡೆ. ಬಾಣಂತಿಯ ಹಾಗೇ ನೋಡಿಕೊಳ್ಳಬೇಕೆಂದು ನೀವು ಅವಳನ್ನು ತವರಿಗೆ ಕರೆದೊಯ್ದಿರಿ. ನಾನು ಹಳೇಬೀಡಿನಲ್ಲೇ ಉಳಿದೆ. ಮೂರು ತಿಂಗಳು ನಾವಿಬ್ಬರೂ ಬೇರೆ ಬೇರೆ. ವಾಪಸು ಬಂದ ವಾರದಲ್ಲೇ ಅವಳಿಗೆ ವಾಂತಿ, ತಲೆಸುತ್ತು. ಮೂತ್ರ ಪರೀಕ್ಷೆ ಮಾಡಿದ ಲ್ಯಾಬಿನವನು ನಗುತ್ತಾ, "ಬಸ್ರಿ ಅಂತ ಬಂದೈತೆ ಸಾರ್, ಸ್ವೀಟ್ ಕೊಡ್ಸಿ" ಎಂದ.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು ನಾನು. ಡಾಕ್ಟರಮ್ಮನನ್ನು ಒಂದು ಮಾತು ಕೇಳಬಹುದಿತ್ತು. ಮಾನ ಹೋಗುತ್ತದೆಂದು ಕೇಳಲಿಲ್ಲ. ನಿಮ್ಮ ಮಹಡಿಯಲ್ಲಿ ಬಾಡಿಗೆಗಿದ್ದವನ ಮುಖ ಕಣ್ಣ ಮುಂದೆ ಬರತೊಡಗಿತು — ಅತ್ತೆ, ಎಲ್ಲ ಗೊತ್ತಿದ್ದೂ ನೀವೇ ಮುಚ್ಚಿಟ್ಟಿರಿ ಎಂದೂ ಅಂದುಕೊಂಡೆ. ಅವಳು ಕೆಮ್ಮಿದರೆ ಮಾತು ಮರೆಸುವ ನಾಟಕ ಎನ್ನಿಸುತ್ತಿತ್ತು. ಸುಮ್ಮನಿದ್ದರೆ ಅದೂ ಅನುಮಾನವೇ.

ಆಣೆಗೆಂದು ಕರೆದೊಯ್ದ ದಿನ ಅರ್ಧ ಬೆಟ್ಟಕ್ಕೇ ಕುಳಿತುಬಿಟ್ಟಳು. "ಉಸ್ರು ಸಿಗ್ತಿಲ್ಲ ಕಣ್ರೀ... ಇಲ್ಲೇ ಆಣೆ ಮಾಡ್ತೀನಿ, ಸಾಲ್ದಾ?"

"ತಪ್ಪು ಮಾಡ್ದೇ ಇದ್ರೆ ಹತ್ತು" ಎಂದೆ.

ಎದ್ದಳು. ಸ್ವಲ್ಪ ಹತ್ತಿ ಕೆಮ್ಮಿದಳು — ಸೆರಗೆಲ್ಲ ರಕ್ತ. ಆಗಲೂ ನನಗೆ ಹೊಳೆದದ್ದೇನು ಗೊತ್ತೇ? ದೇವರೇ ಇವಳನ್ನು ಹತ್ತಗೊಡಲಿಲ್ಲ, ನನ್ನ ಅನುಮಾನ ನಿಜ ಎಂದು. ಥೂ, ನನ್ನ ಜನ್ಮಕ್ಕೆ.

ಬೆಂಗಳೂರಿನ ಡಾಕ್ಟರು ಬಿಡಿಸಿ ಹೇಳಿದರು. ಅದು ಬಸಿರಲ್ಲ. ಆ ಗಡ್ಡೆಯ ಉಳಿಕೆಯೇ ಕ್ಯಾನ್ಸರ್ ಆಗಿ ಶ್ವಾಸಕೋಶಕ್ಕೂ ಮಿದುಳಿಗೂ ಹಬ್ಬಿದೆ. ಬಸಿರಿನಲ್ಲಿ ಬರುವ ಹಾರ್ಮೋನೇ ಅದರಿಂದಲೂ ಬರುತ್ತದೆ, ಅದಕ್ಕೇ ಪರೀಕ್ಷೆ ಹಾಗೆ ತೋರಿಸಿತು. ಬೇಗ ತಂದಿದ್ದರೆ ಔಷಧಿಗೆ ಬಗ್ಗುವ ಕಾಯಿಲೆಯಂತೆ. ಅವಳ ಕಾಲು ಹಿಡಿಯಲು ವಾರ್ಡಿಗೆ ಓಡಿದೆ. ಅಷ್ಟರಲ್ಲಿ ಮಿದುಳಿನಲ್ಲಿ ರಕ್ತಸ್ರಾವವಾಗಿ ಎಚ್ಚರ ತಪ್ಪಿತ್ತು. ಕಿವಿಯ ಹತ್ತಿರ ಬಗ್ಗಿ ಎಲ್ಲ ಹೇಳಿದೆ — ಕೇಳಿಸಿತೋ, ಇಲ್ಲವೋ... ಮತ್ತೆ ಅವಳು ಕಣ್ಣು ಬಿಡಲಿಲ್ಲ.

ನಾಳೆ ಬಾಣಾವರಕ್ಕೆ ಬಂದು ಇದಿಷ್ಟನ್ನೂ ನಿಮ್ಮೆದುರು ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸಿ ಎಂದು ಕೇಳಲಾರೆ. ಕ್ಷಮಿಸಬೇಕಾದವಳು, ಗಂಡ ಕೊನೆಗೂ ತನ್ನನ್ನು ನಂಬಿದನೆಂದೂ ತಿಳಿಯದೆ ಹೋದಳು.