ಹಸಿರು ಪರದೆಯ ಹಿಂದೆ ಹತ್ತು ಗಂಟೆಗೆ

ಬೆಳಿಗ್ಗೆ ಹತ್ತು ಹೊಡೆಯಿತೆಂದರೆ ಆ ಕ್ಷೌರದಂಗಡಿಯ ಯಜಮಾನ ಗಿರಾಕಿಯ ಗಡ್ಡವನ್ನು ಅರ್ಧಕ್ಕೇ ಬಿಟ್ಟು, "ಒಂದ್ನಿಮಿಷ" ಎಂದು ಮೂಲೆಯ ಹಸಿರು ಪರದೆಯ ಹಿಂದೆ ನುಸುಳುತ್ತಿದ್ದ. ಒಳಗೆ ಲೋಟದ ಸದ್ದು, ಗಂಟಲಿನ ಗುಟುಕು, ಒಂದು ಉದ್ದನೆಯ ಉಸಿರು. ಹೊರಗೆ ಬಂದಾಗ ಕಣ್ಣು ಕೆಂಪು, ಕೈ ಸಣ್ಣಗೆ ನಡುಗುವುದು. ಇಷ್ಟು ಸಾಕ್ಷಿ ಸಿಕ್ಕ ಮೇಲೆ ತೀರ್ಪು ಕೊಡಲು ಎಷ್ಟು ಹೊತ್ತು? ಇದನ್ನು ಬರೆಯುತ್ತಿರುವವನು ಒಂದು ದಿನ ಎಡಗೆನ್ನೆಯ ನೊರೆ ಒಣಗಿ ಚುರುಗುಟ್ಟುತ್ತಿರುವಾಗ ಅದೇ ಕುರ್ಚಿಯಲ್ಲಿ ಕೋರ್ಟು ಕೂರಿಸಿ, 'ಪಾಪ, ಬೆಳ್‌ಬೆಳಿಗ್ಗೆಯೇ ಶುರು ಹಚ್ಚಿಕೊಂಡಿದ್ದಾನೆ' ಎಂದು ತೀರ್ಮಾನಿಸಿಬಿಟ್ಟ. ಮುಖ ನೋಡಿಯೇ ಮನುಷ್ಯರನ್ನು ಅಳೆಯಬಲ್ಲೆ ಎಂಬ ಹೆಮ್ಮೆ ಅವನಿಗೆ ಮೊದಲಿನಿಂದಲೂ ಇತ್ತು. ಮನೆಗೆ ಹೋಗಿ ಹೆಂಡತಿಗೂ ತೀರ್ಪು ಓದಿ ಹೇಳಿದ. ಅವಳು, "ಕಿವಿ ಹತ್ರ ಸೋಪು ಹಾಗೇ ಇದೆ ನೋಡ್ಕೊಳ್ಳಿ" ಎಂದಳು, ಅಷ್ಟೆ.

ಪರದೆಯ ಹಿಂದೆ ಇದ್ದದ್ದು ಒಂದು ಲೋಟ ನೀರು, ಒಂದು ಮಾತ್ರೆ. ದಿನಕ್ಕೊಂದರಂತೆ ಹನ್ನೆರಡು ವಾರ. ಯಜಮಾನನ ರಕ್ತದಲ್ಲಿ ಹೆಪಟೈಟಿಸ್ ಸಿ ಎಂಬ ವೈರಸ್ಸು ಸೇರಿಕೊಂಡು, ಬಾಡಿಗೆ ಮನೆಯನ್ನು ಸ್ವಂತದ್ದೆಂದುಕೊಂಡವರ ಹಾಗೆ ಸದ್ದಿಲ್ಲದೆ ಲಿವರಿನಲ್ಲಿ ಎಷ್ಟೋ ವರ್ಷ ಕಳೆದಿತ್ತು. ಬೇರೆ ಯಾವುದಕ್ಕೋ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಸಿಕ್ಕಿಬಿತ್ತು.

ಆದರೆ ಕಣ್ಣು ಕೆಂಪಾಗುತ್ತಿದ್ದದ್ದು ಮಾತ್ರೆಯಿಂದಲ್ಲ, ಕನ್ನಡಿಯಿಂದ.

ಅಂಗಡಿಯಲ್ಲಿ ಎರಡು ಕುರ್ಚಿ. ಬಾಗಿಲ ಕಡೆಯದು ಯಜಮಾನನದು, ಗೋಡೆ ಕಡೆಯದು ಅವನ ಅಣ್ಣನದು. ಇಬ್ಬರೂ ಇಪ್ಪತ್ತು ವರ್ಷ ಅಕ್ಕಪಕ್ಕ ನಿಂತು ಕೆಲಸ ಮಾಡಿದರು. ಗೋಡೆಯುದ್ದಕ್ಕೂ ಒಂದೇ ಕನ್ನಡಿ. ಕೈ ಗಿರಾಕಿಯ ಗಲ್ಲದ ಮೇಲಿರುವಾಗ ಪಕ್ಕಕ್ಕೆ ತಿರುಗಿ ಮಾತಾಡುವ ಹಾಗಿಲ್ಲ. ಹಾಗಾಗಿ ಅಣ್ಣ ತಮ್ಮನ ಮಾತು, ಜಗಳ, ನಗು ಎಲ್ಲ ಕನ್ನಡಿಯಲ್ಲೇ. ಅಣ್ಣನ ನಿಜವಾದ ಮುಖಕ್ಕಿಂತ ಎಡಬಲ ಅದಲುಬದಲಾದ ಮುಖವೇ ಯಜಮಾನನಿಗೆ ಹೆಚ್ಚು ಗುರುತು.

ಗಿರಾಕಿಗಳ ವಿಷಯದಲ್ಲಿ ಇಬ್ಬರೂ ಬಹಳ ಕಟ್ಟುನಿಟ್ಟು. ಒಬ್ಬೊಬ್ಬರಿಗೂ ಹೊಸ ಬ್ಲೇಡು, ಕಣ್ಣೆದುರೇ ಕಾಗದ ಬಿಚ್ಚಿ ತೋರಿಸಬೇಕು. ಆದರೆ ಅಂಗಡಿ ತೆರೆಯುವ ಮುಂಚೆ ಅಣ್ಣ ತಮ್ಮನಿಗೆ, ತಮ್ಮ ಅಣ್ಣನಿಗೆ ಗಡ್ಡ ತೆಗೆಯುತ್ತಿದ್ದರಲ್ಲ, ಅದು ಮಾತ್ರ ಅಪ್ಪನ ಹಳೇ ಕತ್ತಿಯಲ್ಲಿ. ಒಂದೇ ಕತ್ತಿ, ಒಂದೇ ಬಟ್ಟಲು ನೀರು. ಮಸೆದ ಮೇಲೆ ಹೆಬ್ಬೆರಳಿಗೆ ತಾಗಿಸಿ ಹರಿತ ನೋಡುವುದೂ ಅಪ್ಪ ಕಲಿಸಿದ್ದೇ. ಎಷ್ಟೋ ಸಲ ಒಂದು ಕೆಂಪು ಚುಕ್ಕೆ ಮೂಡುತ್ತಿತ್ತು. ಅಣ್ಣ ಅದನ್ನು ಏಪ್ರನ್ನಿಗೆ ಒರೆಸಿ, "ಚೆನ್ನಾಗಿದೆ, ಬಾ ಕೂತ್ಕೋ" ಎನ್ನುತ್ತಿದ್ದ. ಮನೆಯವರಿಗೇನು ಹೊಸ ಬ್ಲೇಡು!

ಒಂಬತ್ತು ವರ್ಷದ ಕೆಳಗೆ ಅಣ್ಣನ ಕಣ್ಣು ಹಳದಿಯಾಯಿತು, ಕಾಲು ಬತ್ತಿತು, ಹೊಟ್ಟೆ ಊದಿತು. ಬೀದಿ ಒಂದೇ ಬಾಯಲ್ಲಿ ಕಾರಣ ಕಂಡುಹಿಡಿಯಿತು. ಯಜಮಾನ ಅಣ್ಣನ ಬಾಯಿ ಎಂದೂ ವಾಸನೆ ಹೊಡೆದದ್ದನ್ನು ಕಂಡಿರಲಿಲ್ಲ, ಆದರೂ ನಂಬಿದ. ಒಂದು ದಿನ ಗಿರಾಕಿಗಳ ಎದುರಿಗೇ, ಕನ್ನಡಿ ನೋಡಿಕೊಂಡು, "ಅಣ್ಣ, ಆ ಕುಡಿಯೋದೊಂದು ಬಿಟ್ಬಿಡು" ಎಂದ. ಅಣ್ಣ ಕನ್ನಡಿಯಲ್ಲೇ ಅವನನ್ನು ನೋಡಿದ. ಅರ್ಧ ಬೋಳಿಸಿದ ಗಲ್ಲವನ್ನು ಹಾಗೇ ಬಿಟ್ಟು, ಬ್ಲೇಡು ಎಸೆದು, ಅಪ್ಪನ ಕತ್ತಿಯನ್ನು ಡ್ರಾಯರಿನಲ್ಲಿಟ್ಟು ಮನೆಗೆ ಹೋದ. ಮತ್ತೆ ಅಂಗಡಿಗೆ ಬರಲಿಲ್ಲ. ಮೂರು ತಿಂಗಳಿಗೆ ಹೋಗಿಬಿಟ್ಟ.

ಈಗ ಡಾಕ್ಟರು ರಿಪೋರ್ಟು ನೋಡುತ್ತಾ, ಈ ವೈರಸ್ಸು ಒಂದು ತೊಟ್ಟು ಕುಡಿಯದವನ ಲಿವರನ್ನೂ ಇಪ್ಪತ್ತು, ಮೂವತ್ತು ವರ್ಷದಲ್ಲಿ ಕೆಡಿಸಬಲ್ಲದು ಎಂದಾಗ ಯಜಮಾನ ಕೇಳಿದ್ದು ಒಂದೇ ಪ್ರಶ್ನೆ. "ಹೊಟ್ಟೆನೂ ಊದುತ್ತಾ?"

"ತುಂಬಾ ತಡ ಮಾಡಿದ್ರೆ ಊದಬಹುದು. ನಿಮ್ಮದು ಆ ಮಟ್ಟಕ್ಕೆ ಹೋಗಿಲ್ಲ. ಈಗ ಮಾತ್ರೆ ಇದೆ, ಹೆಚ್ಚಿನವರಿಗೆ ಪೂರ್ತಿ ವಾಸಿಯಾಗುತ್ತೆ."

ಹೆಪಟೈಟಿಸ್ ಬಿ ಎಂಬ ಇನ್ನೊಂದು ವೈರಸ್ಸು ಒಳಗೆ ಮಲಗಿದ್ದರೆ ಈ ಚಿಕಿತ್ಸೆಯ ನಡುವೆ ಏಳಬಹುದೆಂದು ಅದಕ್ಕೂ ರಕ್ತ ನೋಡಿದರು. ಅದಿರಲಿಲ್ಲ. ಆಸ್ಪತ್ರೆಯ ಔಷಧಿ ಕಿಟಕಿಯ ಹೆಂಗಸು, ಕನ್ನಡಕವನ್ನು ದಾರಕ್ಕೆ ನೇತುಹಾಕಿಕೊಂಡಾಕೆ, ಡಬ್ಬಿ ಕೊಡುತ್ತಾ ಹೇಳಿದಳು: "ದಿನಾ ಒಂದೇ ಹೊತ್ತಿಗೆ. ಹುಷಾರಾದೆ ಅಂತ ಮಧ್ಯದಲ್ಲಿ ನಿಲ್ಲಿಸ್ಬೇಡಿ. ಮರೆತ್ರೆ ಎರಡೆರಡು ಸೇರಿಸಿ ನುಂಗ್ಬೇಡಿ, ನಮಗೆ ಫೋನ್ ಮಾಡಿ. ಬೇರೆ ಏನಾದ್ರೂ ತಗೋತೀರಾ?"

"ಇಲ್ಲ" ಎಂದ ಯಜಮಾನ. ಸುಳ್ಳಲ್ಲ. ಎದೆಯುರಿಗೆ ಅಗಿಯುತ್ತಿದ್ದ ಗುಲಾಬಿ ಬಿಲ್ಲೆ ಅವನ ಲೆಕ್ಕದಲ್ಲಿ ಪೆಪ್ಪರ್‌ಮಿಂಟು.

ಮೊದಲ ದಿನ ಹತ್ತು ಗಂಟೆಗೆ ಮಾತ್ರೆ ನುಂಗಿ ಪರದೆ ಸರಿಸಿ ಹೊರಗೆ ಬಂದ. ಕನ್ನಡಿಯಲ್ಲಿ, ಗೋಡೆ ಕಡೆಯ ಕುರ್ಚಿಯ ಹಿಂದೆ ಅಣ್ಣ ನಿಂತಿದ್ದ. ಕೈಯಲ್ಲಿ ಅಪ್ಪನ ಕತ್ತಿ. ತಿರುಗಿ ನೋಡಿದರೆ ಖಾಲಿ ಕುರ್ಚಿ, ಮಡಿಸಿದ ಟವಲು. ಮತ್ತೆ ಕನ್ನಡಿ ನೋಡಿದರೆ ಅಣ್ಣ. ಬಯ್ಯುವುದಿಲ್ಲ, ಅಳುವುದಿಲ್ಲ. ಅಂದು ನೋಡಿದ ಹಾಗೇ ನೋಡುತ್ತಾನೆ. ಹಾಡುಹಗಲು, ಹೊರಗೆ ಲಾರಿ ಹಾರ್ನು, ಕುರ್ಚಿಯಲ್ಲಿ ಗಿರಾಕಿ ಆಕಳಿಸುತ್ತಿದ್ದಾನೆ. ಇಂಥ ಹೊತ್ತಿನಲ್ಲಿ ಸತ್ತವರು ಬರುವುದು ಯಾವ ನ್ಯಾಯ ಎಂದು ಯಜಮಾನನಿಗೆ ಸಿಟ್ಟೂ ಬಂತು. ಮರುದಿನವೂ ಹತ್ತಕ್ಕೆ ಬಂದ. ಅದರ ಮರುದಿನವೂ. ಅಣ್ಣ ಬದುಕಿದ್ದಾಗಲೂ ಅಷ್ಟೆ, ಸಮಯಕ್ಕೆ ಸರಿಯಾಗಿ ಬರುತ್ತಿದ್ದ.

ನಿದ್ದೆ ಹಾರಿಹೋಯಿತು. ಇದನ್ನು ಮೊದಲು ಪತ್ತೆ ಹಚ್ಚಿದವರು ನಿವೃತ್ತ ಹೆಡ್ ಕ್ಲರ್ಕು. ಅವರು ದಿನಾ ಬರುವುದು ಗಡ್ಡಕ್ಕಲ್ಲ, ಗಡ್ಡ ಅಷ್ಟು ಬೆಳೆಯುವುದೂ ಇಲ್ಲ. ತಾವು ಸರ್ವೀಸಿನಲ್ಲಿದ್ದಾಗ ನಡೆದದ್ದನ್ನು ಎದ್ದು ಹೋಗಲಾರದ ಒಬ್ಬನಿಗೆ ಹೇಳುವುದಕ್ಕೆ ಬರುತ್ತಿದ್ದರು.

"ನಿದ್ದೆ ಇಲ್ವಾ? ನನ್ನ ಕೇಳು" ಎಂದು ಕಿಸೆಯಿಂದ ಒಂದು ಸೀಸೆ ತೆಗೆದರು. ಮೇಲೆ ಹಳದಿ ಹೂವಿನ ಚಿತ್ರ. "ಮನಸ್ಸಿಗೆ ನೆಮ್ಮದಿ. ಇದು ಔಷಧಿ ಅಲ್ಲ ಕಣಯ್ಯ, ಬರೀ ಹೂವು. ನಾನು ಸರ್ವೀಸಲ್ಲಿದ್ದಾಗ ಇಡೀ ಆಫೀಸಿಗೆ ಕೊಟ್ಟಿದ್ದೆ."

"ಇಡೀ ಆಫೀಸು ನಿದ್ದೆ ಮಾಡ್ತಾ?"

"ಮತ್ತೆ?"

ಬರೀ ಹೂವು ತಾನೇ ಎಂದು ಯಜಮಾನ ದಿನಾ ಒಂದು ಗುಳಿಗೆ ನುಂಗಿದ. ಎದೆಯುರಿಯ ಬಿಲ್ಲೆಯನ್ನು, ಹೊಟ್ಟೆಗೆ ಕಾವಲಿರಲಿ ಎಂದು, ಸರಿಯಾಗಿ ಹತ್ತಕ್ಕೆ ಐದು ನಿಮಿಷ ಇರುವಾಗ ಅಗಿದ. ಹೀಗೆ ಮೂರು ವಾರ.

ಅಂಗಡಿಯ ಟವಲುಗಳನ್ನು ಒಗೆದು ಮಡಿಸಿ ತರುವವಳು ಅತ್ತಿಗೆ, ಅಣ್ಣನ ಹೆಂಡತಿ. ಒಂದು ಬೆಳಿಗ್ಗೆ ಅವಳು ಬಂದಾಗ ಯಜಮಾನ ಬಾಚಣಿಗೆ ಡ್ರಾಯರಿನಿಂದ ಬಿಲ್ಲೆ ತೆಗೆಯುತ್ತಿದ್ದ. ಅವಳನ್ನು ಕಂಡವನೇ ಡ್ರಾಯರು ದಬ್ಬಿದ.

"ಏನದು?"

"ಏನಿಲ್ಲ ಅತ್ತಿಗೆ."

ಅವಳು ಟವಲು ಕೆಳಗಿಟ್ಟು ಆ ಡ್ರಾಯರನ್ನೇ ನೋಡಿದಳು. "ನಿಮ್ಮಣ್ಣನೂ ಇಲ್ಲೇ ಮುಚ್ಚಿಟ್ಟಿದ್ರು. ಮತ್ತೊಂದು ಸಲ ರಕ್ತ ಪರೀಕ್ಷೆಗೆ ಬನ್ನಿ ಅಂತ ಆಸ್ಪತ್ರೆಯವರು ಬರೆದುಕೊಟ್ಟ ಚೀಟಿ. ಅವರು ಹೋದ ಮೇಲೆ ಬಾಚಣಿಗೆ ತೊಳೆಯೋಕೆ ಬಂದಾಗ ನನಗೆ ಸಿಕ್ತು. ಯಾಕೆ ಹೋಗಲಿಲ್ಲ ಗೊತ್ತಾ? ರಕ್ತದ ಕಾಯಿಲೆ ಅಂತ ತಿಳಿದ್ರೆ ತಮ್ಮನ ಅಂಗಡಿಗೆ ಯಾರು ಬರ್ತಾರೆ ಅಂತಿದ್ರು. ಕುಡುಕ ಅನ್ಲಿ ಬಿಡು, ಕುಡುಕನ ಹತ್ರ ಜನ ಗಡ್ಡ ಮಾಡಿಸ್ಕೊಳ್ತಾರೆ ಅಂತ."

ಯಜಮಾನ ಅವಳಿಟ್ಟ ಟವಲುಗಳನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟ. ಕನ್ನಡಿ ಕಡೆ ನೋಡುವ ಧೈರ್ಯವಾಗಲಿಲ್ಲ.

"ನೀವು ಯಾಕೆ ನನಗೆ ಹೇಳಲಿಲ್ಲ?"

"ನೀನು ಯಾವತ್ತು ಕೇಳ್ದೆ? ತೀರ್ಮಾನ ಮಾಡಿಯಾಗಿತ್ತಲ್ಲ."

ಅವನು ತನ್ನ ಕಾಯಿಲೆಯನ್ನೂ, ತಾನು ಏನೇನು ನುಂಗುತ್ತಿದ್ದೇನೆಂಬುದನ್ನೂ ತಡವರಿಸುತ್ತಾ ಹೇಳಿದ. ಎಲ್ಲ ಒಟ್ಟಿಗೆ ನುಂಗಬಹುದೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ, ಆದರೆ "ಕೇಳಿಕೊಂಡು ಬಾ" ಎಂದಳು. ಹೋಗಲು ಅವನಿಗೆ ಹೆದರಿಕೆ. ತಪ್ಪು ಮಾಡಿದ್ದೀಯ, ಇನ್ನು ಮಾತ್ರೆ ಇಲ್ಲ ಎಂದುಬಿಟ್ಟರೆ? ಅಣ್ಣನಿಗೆ ಸಿಗದ ಬಾಗಿಲು ತನಗೆ ತೆರೆದು ಮುಚ್ಚಿಹೋದರೆ? ಕೊನೆಗೆ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದೇ ಬಗೆಹರಿಯದೆ ಡ್ರಾಯರನ್ನೇ ಎಳೆದು ತೆಗೆದು, ಮೇಲೊಂದು ಟವಲು ಹೊದಿಸಿ, ಎರಡೂ ಕೈಯಲ್ಲಿ ಹಿಡಿದು ಬೀದಿಗುಂಟ ಆಸ್ಪತ್ರೆಗೆ ನಡೆದ. ಎದುರಾದ ಹೆಡ್ ಕ್ಲರ್ಕು, "ಏನಯ್ಯ, ನಾಯಿಮರಿನಾ?" ಎಂದರು.

ಕಿಟಕಿಯ ಹೆಂಗಸು ಕನ್ನಡಕ ಏರಿಸಿ ಡ್ರಾಯರು ನೋಡಿದಳು. "ಬಾಚಣಿಗೆ ನಿಮಗಿರ್ಲಿ" ಎಂದು ಮಿಕ್ಕದ್ದನ್ನು ಒಂದೊಂದಾಗಿ ಹೊರತೆಗೆದಳು. ಗುಲಾಬಿ ಬಿಲ್ಲೆ ಬಂದಾಗ, "ಯಾವಾಗ ತಗೋತೀರಿ?"

"ಹತ್ತಕ್ಕೆ ಐದು ನಿಮಿಷ ಮುಂಚೆ."

"ಸರಿಹೋಯ್ತು. ನಿಮ್ಮ ಮಾತ್ರೆ ಮೈಗೆ ಹತ್ತೋದಕ್ಕೆ ಹೊಟ್ಟೆ ಹುಳಿ ಬೇಕು ಕಣ್ರಿ, ಈ ಬಿಲ್ಲೆ ಅದನ್ನೇ ಕಳೆಯುತ್ತೆ. ನೀವು ಬಾಗಿಲಿಗೆ ಬೀಗ ಹಾಕಿ ನೆಂಟರನ್ನ ಕರೀತಿದ್ದೀರಿ. ಬೇಕೇ ಬೇಕಾದ್ರೆ ಇದಕ್ಕೂ ಅದಕ್ಕೂ ನಾಲ್ಕು ಗಂಟೆ ಅಂತರ ಇರ್ಲಿ."

ಹೂವಿನ ಸೀಸೆ ಬಂದಾಗ ಅವಳ ನಗು ನಿಂತಿತು. ಆ ಹೂವು ವೈರಸ್ಸಿನ ಮಾತ್ರೆಯನ್ನು ಕೆಲಸ ಮಾಡುವ ಮುಂಚೆಯೇ ಮೈಯಿಂದ ಓಡಿಸಿಬಿಡುತ್ತದೆ, ಇಂದೇ ನಿಲ್ಲಿಸಬೇಕು ಎಂದು ಡಾಕ್ಟರನ್ನೇ ಕರೆತಂದಳು. ಡಾಕ್ಟರು ಬಯ್ಯಲಿಲ್ಲ. ವೈರಸ್ಸಿನ ಮಾತ್ರೆ ಮಾತ್ರ ನಿಲ್ಲಿಸಕೂಡದು, ಮುಂದೆಯೂ ಬಂದು ರಕ್ತ ತೋರಿಸುತ್ತಿರಬೇಕು ಎಂದರು.

"ಫೇಲಾಗುತ್ತಾ?"

"ಮಾತ್ರೆ ಮುಗಿದು ಹನ್ನೆರಡು ವಾರ ಆದ್ಮೇಲೆ ಗೊತ್ತಾಗುತ್ತೆ. ಅದಕ್ಕೂ ಮುಂಚೆ ನಾನು ಹೇಳಿದ್ರೆ ಸುಳ್ಳಾಗುತ್ತೆ."

ಡ್ರಾಯರಿನ ತಳದಲ್ಲಿ ಅಪ್ಪನ ಕತ್ತಿ ಉಳಿದಿತ್ತು. ಹೆಂಗಸು ಅದನ್ನು ಮುಟ್ಟಲಿಲ್ಲ. "ಇದನ್ನ ಇನ್ನು ಯಾರ ಮುಖಕ್ಕೂ ಹಚ್ಚಬೇಡಿ. ನಿಮ್ಮ ಮುಖಕ್ಕೂ" ಎಂದಳು. ಯಾರಿಂದ ಯಾರಿಗೆ ಬಂತೆಂದು ಯಜಮಾನ ಕೇಳಿದ. ಅದನ್ನು ಈಗ ಯಾರೂ ಹೇಳಲಾರರು ಎಂದಳು.

ಮರುದಿನ ಅಂಗಡಿಯಲ್ಲಿ ಹಸಿರು ಪರದೆ ಇರಲಿಲ್ಲ. ಹತ್ತು ಗಂಟೆಗೆ ಯಜಮಾನ ಎಲ್ಲರೆದುರೇ ಮಾತ್ರೆ ನುಂಗಿದ. ಬೆಂಚಿನ ಮೇಲೆ ನಾಲ್ವರು ಕಾಯುತ್ತಿದ್ದರು, ಬರಹಗಾರ ನ್ಯಾಯಾಧೀಶನೂ ಸೇರಿ. ಕನ್ನಡಿಗೆ ಬೆನ್ನು ತಿರುಗಿಸಿ, ಅವರ ಮುಖ ನೋಡಿ ಹೇಳಿದ: "ನನಗೆ ಲಿವರಿನ ಕಾಯಿಲೆ. ರಕ್ತದಿಂದ ರಕ್ತಕ್ಕೆ ಹೋಗೋದು, ಜೊತೇಲಿ ಕೂತ್ರೆ ಬರಲ್ಲ. ಹೊಸ ಬ್ಲೇಡು ನಿಮ್ಮ ಕಣ್ಣೆದುರಿಗೇ ಬಿಚ್ತೀನಿ. ಕೈಗೆ ಗ್ಲವ್ಸು ಹಾಕ್ತೀನಿ. ಇಷ್ಟ ಇದ್ರೆ ಕೂತ್ಕೊಳ್ಳಿ. ಅಣ್ಣನಿಗೂ ಇದೇ ಇತ್ತು. ಅವನು ಯಾವತ್ತೂ ಕುಡೀಲಿಲ್ಲ. ಕುಡುಕ ಅಂದಿದ್ದು ನಾನು. ಈಗ ದಿನಾ ಹತ್ತಕ್ಕೆ ಈ ಕನ್ನಡಿಯಲ್ಲಿ ಬಂದು ನಿಲ್ತಾನೆ."

ಇಬ್ಬರು ಎದ್ದು ಹೋದರು. ಬರಹಗಾರನ ಕಿವಿ ಬಿಸಿಯಾಗಿತ್ತು. ಅವನು ಕೂತೇ ಇದ್ದ, ಧೈರ್ಯದಿಂದಲ್ಲ, ಏಳುವುದಕ್ಕೆ ನಾಚಿಕೆಯಾಗಿ. ಹೆಡ್ ಕ್ಲರ್ಕೂ ಕೂತಿದ್ದರು, ಅವರ ಕಥೆ ಕೇಳುವ ಇನ್ನೊಂದು ಅಂಗಡಿ ಊರಲ್ಲಿರಲಿಲ್ಲ.

ಹನ್ನೆರಡು ವಾರ ಮುಗಿಯಿತು. ಅತ್ತಿಗೆಯ ರಕ್ತವನ್ನೂ ನೋಡಿಸಿದರು, ಅವಳಿಗೆ ಬಂದಿರಲಿಲ್ಲ. ಮತ್ತೆ ಹನ್ನೆರಡು ವಾರದ ಕಾಯುವಿಕೆ ಇತ್ತಲ್ಲ, ಅದರ ಒಂದೊಂದು ಹತ್ತು ಗಂಟೆಯೂ ಯಜಮಾನ ನುಂಗಲು ಏನೂ ಇಲ್ಲದೆ ಸುಮ್ಮನೆ ನಿಂತು ಕಳೆದ. ಕೊನೆಗೆ ರಿಪೋರ್ಟು ಬಂತು. ವೈರಸ್ಸು ಕಾಣುತ್ತಿಲ್ಲ. ಮತ್ತೆ ಯಾರದ್ದಾದರೂ ರಕ್ತ ತಾಗಿದರೆ ಮತ್ತೆ ಬರಬಹುದು, ಜೋಪಾನ ಎಂದು ಕಿಟಕಿಯ ಹೆಂಗಸು ಎಚ್ಚರಿಸಿ, ಈ ಸಲ ಡ್ರಾಯರು ತರಲಿಲ್ಲವೇ ಎಂದು ಕೇಳಿದಳಂತೆ.

ಮರುದಿನ ಹೆಡ್ ಕ್ಲರ್ಕು ಕುರ್ಚಿಯಲ್ಲಿ ಕತ್ತಿನವರೆಗೆ ನೊರೆ ಹಚ್ಚಿಸಿಕೊಂಡು ಕೂತಿದ್ದರು. ಗಡಿಯಾರ ಹತ್ತು ತೋರಿಸಿತು. ಯಜಮಾನನ ಕೈ ಒಂದು ಗಳಿಗೆ ನಿಂತು, ಕಣ್ಣು ಕನ್ನಡಿಯಲ್ಲಿ ಗೋಡೆಯ ಕಡೆ ಹೋಗಿ ಬಂತು. ಅವರು ಅದನ್ನು ನೋಡಿದರು.

"ಅಲ್ಲಯ್ಯ, ಕಾಯಿಲೆ ಪೂರ್ತಿ ಹೋಯ್ತು ಅಂದ್ರಲ್ಲ. ಹಾಗಾದ್ರೆ ಅಲ್ಲಿಂದ ನಿಮ್ಮಣ್ಣನೂ ಹೋದ ಅಂತ ತಾನೇ?"

"ಅದಕ್ಕೆ ಮಾತ್ರೆ ಕೊಡಲಿಲ್ಲ. ಕತ್ತು ಮೇಲೆತ್ತಿ."