ಹವಳದ ಮುಂದೆ ಕಪ್ಪಂಗಿ ರತ್ನಾಕರ

ಬೀಜಾಡಿಯ ರತ್ನಾಕರನಿಗೆ ಮದುವೆ ಫೋಟೋ ತೆಗೆದು ತೆಗೆದು ಸಾಕಾಗಿತ್ತು. ಗಂಟಲಿಗೆ ಮಾತ್ರ ಸಾಕಾಗಿರಲಿಲ್ಲ. "ಗಲ್ಲ ಮೇಲ್ ಮಾಡಿ, ಮಾವ್ನವ್ರ್ ಹಿಂದ್ ನಿಲ್ಲಿ" ಎಂದು ಅವನು ಅರಚಿದರೆ ಕೋಟೇಶ್ವರದ ಸಭಾಭವನದಲ್ಲಿ ಮೈಕೇ ಬೇಕಿರಲಿಲ್ಲ. ಧಾರೆಗೆ ಮೊದಲೇ ಅತ್ತ ಮದುಮಗಳೂ ಉಂಟು. ಮನೆಯಲ್ಲೂ ಅದೇ ಸ್ವರ. ಪದಾರ್ಥಕ್ಕೆ ಉಪ್ಪು ಕಡಿಮೆಯಾದರೆ ಸುದ್ದಿ ಮೂರು ಮನೆಯಾಚೆಗೂ ಮುಟ್ಟುತ್ತಿತ್ತು.

ಇಂಥವನಿಗೆ 2009ರಲ್ಲಿ ಅಕ್ವೇರಿಯಂ ಹುಚ್ಚು ಹತ್ತಿತು. ಚಾವಡಿಯಲ್ಲಿ ಗಾಜಿನ ತೊಟ್ಟಿ ಇಟ್ಟ, ಕ್ಯಾನಿನಲ್ಲಿ ಕಡಲ ನೀರು ಹೊತ್ತು ತಂದ, ಮುಂಬೈಯ ಅಂಗಡಿಯಿಂದ ಒಂದು ತುಂಡು ಹವಳ ತರಿಸಿದ. ಅದು ಕಲ್ಲಲ್ಲ, ಜೀವ. ಮೈತುಂಬ ಗುಂಡುಸೂಜಿಯ ತಲೆಯಷ್ಟಷ್ಟೇ ಬಾಯಿಗಳು. ಸಿಗಡಿಯ ಚೂರು ಹಾಕಿದರೆ ಬೆರಳಿನಂಥ ಎಳೆಗಳನ್ನು ಚಾಚಿ ಹಿಡಿದು ನುಂಗುತ್ತವೆ. ಆ ಕ್ಷಣವನ್ನು ಹತ್ತಿರದಿಂದ ಸೆರೆಹಿಡಿದು ಉಡುಪಿಯ ಸ್ಪರ್ಧೆಗೆ ಕಳಿಸಬೇಕು, ತನ್ನನ್ನು ಬರೀ ಮದುವೆ ರತ್ನಾಕರ ಎನ್ನುವವರ ಬಾಯಿ ಮುಚ್ಚಿಸಬೇಕು. ಅವನಿಗೆ ಬೇರೆ ಆಸೆಯೇ ಉಳಿಯಲಿಲ್ಲ.

ಫೋಟೋವೇನೋ ಬಂತು. ಹವಳದ ಮೇಲೆ ಅವನದೇ ಬಿಳಿ ಅಂಗಿ, ಹೊಟ್ಟೆ ಸಮೇತ, ಗಾಜಿನಲ್ಲಿ ಮೂಡಿತ್ತು. ಸಿಟ್ಟು ನೆತ್ತಿಗೇರಿ ನೆಲಕ್ಕೆ ಕಾಲು ಅಪ್ಪಳಿಸಿದ. ತೊಟ್ಟಿ ಅಲುಗಿ ಬಾಯಿಗಳೆಲ್ಲ ಮುಚ್ಚಿಕೊಂಡವು, ಸಂಜೆವರೆಗೂ ತೆರೆಯಲಿಲ್ಲ. ಮದುಮಗಳಾದರೆ ಅತ್ತು ದಾರಿಗೆ ಬರುತ್ತಾಳೆ. ಹವಳದ ಹತ್ತಿರ ಅದೆಲ್ಲ ನಡೆಯುವುದಿಲ್ಲ.

ಡಿಸೆಂಬರಿನಲ್ಲಿ ಅವನು ಕಪ್ಪು ಅಂಗಿ ತೊಟ್ಟು ಕಪ್ಪು ಲುಂಗಿ ಉಟ್ಟ, ಗಾಜಿನಲ್ಲಿ ಕಾಣದಿರಲಿ ಎಂದು. ನೆಲ ಅದುರದಿರಲೆಂದು ಚಪ್ಪಲಿ ಬಿಟ್ಟ. ಗಡ್ಡ ತೆಗೆಯಲು ಪುರುಸೊತ್ತಾಗಲಿಲ್ಲ. ತೊಟ್ಟಿಯ ದೀಪದ ಎದುರು ಚಕ್ಕಳಮಕ್ಕಳ ಕೂತು, "ಬಾಯಿ ತೆರಿ ಮಾರಾಯ್ತಿ" ಎಂದು ತುಟಿಯಲ್ಲೇ ಬೇಡಿಕೊಳ್ಳುತ್ತಿದ್ದ.

ಅದನ್ನು ಕಿಟಕಿಯಿಂದ ಕಂಡವನು ನೆರೆಮನೆಯ ಗುಡ್ಡ, ಪ್ರತಿವರ್ಷ ಮಾಲೆ ಹಾಕಿ ಶಬರಿಮಲೆಗೆ ಹೋಗುವ ಮನುಷ್ಯ. ಕಪ್ಪು ಬಟ್ಟೆ, ಬರಿಗಾಲು, ಗಡ್ಡ, ಮೇಲಿಂದ ಜಪ ಬೇರೆ. ಅವನು ಕೈಮುಗಿದೇಬಿಟ್ಟ.

"ಸ್ವಾಮಿ ಶರಣಂ. ನೀವೂ ಮಾಲಿ ಹಾಕಿದ್ದ್ ನಂಗ್ ಗೊತ್ತೇ ಇರ್ಲಿಲ್ಲ ಕಾಣಿ."

ಆಗಷ್ಟೇ ಒಂದು ಬಾಯಿ ಅರ್ಧ ತೆರೆದಿತ್ತು. ಸುಮ್ಮನಿರು ಎಂದು ರತ್ನಾಕರ ಅಂಗೈ ಎತ್ತಿದ. ಗುಡ್ಡ ಅದನ್ನು ಆಶೀರ್ವಾದವೆಂದು ತಿಳಿದು ತಲೆಬಾಗಿ ಹೋದ.

ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಮರುದಿನ ಊಟಕ್ಕೆ ಬಂಗುಡೆ ಇಲ್ಲ, ಹರಿವೆ ಸೊಪ್ಪು. ಹೆಂಡತಿ ವಿನಯಾ ಮೀನಿನ ಬಾಣಲೆ ತೊಳೆದು ಅಟ್ಟಕ್ಕೇರಿಸಿದ್ದಳು. ನಿಜ ಹೇಳೋಣವೆಂದರೆ ಗುಡ್ಡ ಆಗಲೇ ಭಜನೆಗೆ ಕರೆದಾಗಿತ್ತು. ಮೀನು ಮಾರುವ ಸೀತು ಬುಟ್ಟಿ ಮರೆಮಾಡಿಕೊಂಡು ದಾರಿ ಬಿಡುತ್ತಿದ್ದಳು. ಸ್ವಾಮಿ ಎಂದು ಕೈಮುಗಿಯುವವರ ಮೇಲೆ ಕಿರುಚುವುದಾದರೂ ಹೇಗೆ? ಆ ಮನೆಯಲ್ಲಿ ಸಿಗಡಿ ತಿನ್ನುವ ಭಾಗ್ಯ ಉಳಿದದ್ದು ಹವಳಕ್ಕೊಂದೇ. ರತ್ನಾಕರ ಎಂಜಲು ನುಂಗುತ್ತ ಕೂತ.

ಹಾಗೆ ಕೂತು ಕೂತು ಒಂದು ಮಧ್ಯಾಹ್ನ ಹವಳ ಪೂರ್ತಿ ಬಾಯಿ ತೆರೆಯಿತು. ಬೆರಳುಗಳು ಚೂರನ್ನು ಹಿಡಿದದ್ದು ಕೂದಲೆಳೆಯಷ್ಟೂ ಮಸುಕಿಲ್ಲದೆ ಫೋಟೋದಲ್ಲಿ ಬಿತ್ತು. ಅಂಗಿಯ ಸುಳಿವಿಲ್ಲ. ಅವನು ವಿನಯಾಳನ್ನು ಕರೆದು ಫೋಟೋ ತೋರಿಸಿದ. ಆ ಖುಷಿಯಲ್ಲೇ ಮಾಲೆ ಹಾಕಿಲ್ಲವೆಂಬುದನ್ನೂ ಹೇಳಿಬಿಟ್ಟ.

"ಗೊತ್ತಿತ್ತ್," ಎಂದಳು ವಿನಯಾ. "ನಿಮ್ ಬರೀ ಕುತ್ಗಿ ನಂಗ್ ಕಾಂತಿಲ್ಯಾ?"

"ಹಂಗಾರೆ ಮೀನ್ ಎಂತಕ್ಕೆ ನಿಲ್ಸಿದ್ದ್?"

"ಮೀನ್ ಮಾಡಿರೆ ಯಾರೂ ನಿಮ್ಮನ್ನ ಸ್ವಾಮಿ ಅಂತಿರ್ಲಿಲ್ಲ. ಸ್ವಾಮಿ ಅಂದ್ಮೇಲೆ ನೀವ್ ಒಂದ್ ದಿನವೂ ಬೊಬ್ಬೆ ಹೊಡಿಲಿಲ್ಲ. ಮದಿಯಾಯಿ ಹತ್ತೊರ್ಷ ಆಯ್ತ್, ಈ ಮನಿ ಗಡಿಯಾರದ್ ಶಬ್ದ ನಾನ್ ಕೇಂಡದ್ದ್ ಈಗ್ಲೇ." ಅವಳು ನಕ್ಕಳು. "ಇರ್ಲಿ. ಫೋಟೋ ಆಯ್ತಲೆ. ನಾಳಿಂದ ಬಂಗ್ಡಿ ತತ್ತೆ."

ರತ್ನಾಕರನಿಗೆ ನಾಚಿಕೆಯಾಯಿತು. ಬಂಗುಡೆಯ ಹೆಸರಿಗೆ ಹೊಟ್ಟೆ ಗುರುಗುಟ್ಟಿದ್ದೂ ಸುಳ್ಳಲ್ಲ. ಬಿಚ್ಚಲು ಹೊರಟಿದ್ದ ಕಪ್ಪಂಗಿಯ ಗುಂಡಿಯನ್ನು ಮತ್ತೆ ಹಾಕಿಕೊಂಡ.

"ತಡಿ," ಎಂದ ಮೆಲ್ಲಗೆ. "ತೊಟ್ಟಿ ಮೂಲಿಯಗೆ ಒಂದ್ ಏಡಿ ಇತ್ತ್. ಅದ್ರ ಫೋಟೋನೂ ತೆಗೂಕ್. ಭಾರೀ ಹೆದ್ರುಪುಕ್ಲ, ಸುಮಾರ್ ದಿನ ಹಿಡಿತ್ತ್."