ರೆಕ್ಕೆ ಇದ್ದ, ಮೈ ಇಲ್ಲದ ಮಕ್ಕಳು

ಮೇ ತಿಂಗಳ ಒಂದು ಶನಿವಾರ, ಚಿತ್ರಾನ್ನದ ಬುತ್ತಿ ಕಟ್ಟಿಕೊಂಡು ನಾನೂ ಗಂಡ ಪ್ರಸನ್ನನೂ, ಕೆಲಸಕ್ಕೆಂದು ಬಂದು ನೆಲೆಸಿದ್ದ ಪರದೇಶದ ಊರಾದ ಸುಂಡ್‌ಬೀಬರ್ಯ್‌ನಲ್ಲಿ ರೈಲು ಹತ್ತಿದೆವು. ಉಪ್ಸಾಲದಲ್ಲಿ ಇಳಿದ ಮೇಲೆ ಬಸ್ಸಿನಲ್ಲಿ ಅರ್ಧ ಗಂಟೆ. ಬಿಸಿಲಿತ್ತು, ಕಣ್ಣಿಗೆ ಮಾತ್ರ, ಮೈಗೆ ಚಳಿಯೇ. ಹಳ್ಳಿಯ ಹಳೆಯ ಚರ್ಚಿನಲ್ಲಿ ಮಕ್ಕಳ ರೂಪದ ದೇವದೂತರಿದ್ದಾರೆ, ನೋಡಿ ಬಾ ಎಂದು ಆಫೀಸಿನ ಗೆಳತಿ ಹೇಳಿದ್ದಳು. ಮಕ್ಕಳೆಂದರೆ ಸಾಕು, ಆಗ ನಾನು ಎಲ್ಲಿಗಾದರೂ ಹೊರಡುತ್ತಿದ್ದೆ. ಪ್ರಾಜೆಕ್ಟ್ ಮುಗಿಯುವವರೆಗೆ ಎಂದು ಮಗಳು ಅನ್ವಿಯನ್ನು ದಾವಣಗೆರೆಯಲ್ಲಿ ಅಮ್ಮನ ಮಡಿಲಿಗೆ ಹಾಕಿ ಬಂದು ವರ್ಷವಾಗಿತ್ತು.

ಪಾದ್ರಿ ನಿಂತು ಬೋಧಿಸುವ ಕಟ್ಟೆಯ ಸುತ್ತ ಮರದಲ್ಲಿ ಕೆತ್ತಿದ ದುಂಡು ಮುಖಗಳು. ಕೊರಳ ಕೆಳಗೆ ಎರಡು ರೆಕ್ಕೆ, ಅಷ್ಟೇ.

“ಹೊಟ್ಟೇನೇ ಇಲ್ವಲ್ಲೇ, ಊಟ ಮಾಡ್ಸೋ ತಾಪತ್ರಯ ಇಲ್ಲ,” ಎಂದ ಪ್ರಸನ್ನ.

ಚರ್ಚು ತೋರಿಸುತ್ತಿದ್ದ ಬಿರ್ಗಿಟ್ಟಾ ಎಂಬ ಅಜ್ಜಿ ಇಂಗ್ಲಿಷಿನಲ್ಲಿ ವಿವರಿಸಿದರು: “ಮೈ ಇಲ್ಲದ ಮೇಲೆ ಆಸೆ ಇಲ್ಲ, ಪಾಪವೂ ಇಲ್ಲ. ಅದಕ್ಕೇ ದೇವರ ಹತ್ತಿರ ಇರುವವರಿಗೆ ಮಗುವಿನ ಮುಖ ಕೊಟ್ಟರು.”

ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ದೇವರು ಮಗುವಾದಾಗ ಬೆಣ್ಣೆ ಕದ್ದ, ಮಣ್ಣು ತಿಂದ, ಒರಳಿಗೆ ಕಟ್ಟಿಸಿಕೊಂಡ. ಎತ್ತಿಕೊಳ್ಳಲು ಸೊಂಟವೇ ಇಲ್ಲದ್ದು ಎಂಥ ಮಗು? ಆದರೂ ಒಂದರ ಕೆನ್ನೆ ಥೇಟ್ ಅನ್ವಿಯದೇ. ಮುಟ್ಟಬಾರದೆಂಬ ಫಲಕವಿತ್ತು. ನೋಡುತ್ತಾ ನಿಂತೆ.

ಹೊರಗೆ ಗೋಡೆಯ ಮೇಲೆ ಕೂತು ಬುತ್ತಿ ತಿಂದೆವು. ಬಸ್ ನಿಲ್ದಾಣದ ಹೂವಿನಂಗಡಿಯಲ್ಲಿ ಕೈಕಾಲೆಲ್ಲ ಇದ್ದ, ಮುದುರಿ ಮಲಗಿದ ಪುಟ್ಟ ಕಲ್ಲಿನ ದೂತನ ಬೊಂಬೆ ಸಿಕ್ಕಿತು. ಊರಿಗೆ ಹೋಗುವವರ ಕೈಯಲ್ಲಿ ಕಳಿಸಿ, ಮಗಳ ಹಾಸಿಗೆಯ ತಲೆದೆಸೆಗೆ ಇಡಿಸಬೇಕೆಂದು ಕೊಂಡೆ. ಚರ್ಚಿಗೆ ಬೀಗ ಹಾಕಿ ಬಸ್ಸಿಗೆ ಬಂದ ಬಿರ್ಗಿಟ್ಟಾ ಅದನ್ನು ಕಂಡು ನನ್ನ ಕೈ ಹಿಡಿದುಕೊಂಡರು.

“ಮಗುವಿನ ಸಮಾಧಿ ಇಲ್ಲೇ ಇದೆಯೇ?”

“ಸಮಾಧಿಯೇ? ನನ್ನ ಮಗಳು ಆಡಿಕೊಂಡಿದ್ದಾಳೆ!”

ಇಂಥ ದೂತರನ್ನು ಇಲ್ಲಿ ತೀರಿಕೊಂಡ ಮಕ್ಕಳ ಸಮಾಧಿಯ ಮೇಲೆ ಇಡುತ್ತಾರಂತೆ. ಶಕುನ ಗಿಕುನ ಎಂದರೆ ನಗುವ ಪ್ರಸನ್ನನೇ, “ಬಿಡ್ತು ಅನ್ನು, ಬಿಡ್ತು ಅನ್ನು,” ಎಂದ. ಅದನ್ನು ಆಕೆಗೇ ಕೊಟ್ಟುಬಿಟ್ಟೆ. ಯಾರೂ ಬಾರದ ಒಂದು ಪುಟ್ಟ ಸಮಾಧಿ ಇದೆ, ಅಲ್ಲಿಡುತ್ತೇನೆ ಎಂದರು.

ಮನೆ ಮುಟ್ಟುವವರೆಗೆ ತಡೆಯಲಾಗಲಿಲ್ಲ. ಉಪ್ಸಾಲ ಸ್ಟೇಷನ್ನಿನಲ್ಲೇ ಕಾಲಿಂಗ್ ಕಾರ್ಡ್ ಕೆರೆದು, ಅದರ ನಂಬರು ಒತ್ತಿ ಊರಿಗೆ ಫೋನು ಮಾಡಿದೆ.

“ಚೆನ್ನಾಗದಾಳವ್ವ, ನನ್ನ ಕಂಕುಳಲ್ಲೇ ಅದಾಳೆ,” ಎಂದ ಅಮ್ಮ, ಮಗುವಿನ ಕಿವಿಗೆ ಫೋನು ಹಿಡಿದರು. “ನಿಮ್ಮಮ್ಮ ಮಾತಾಡ್ತಾಳೆ, ಕೇಳು.”

“ಅನ್ವೀ, ಅಮ್ಮ ಕಣೇ ನಾನು.”

ಅವಳು ನನಗಲ್ಲ, ಎತ್ತಿಕೊಂಡಿದ್ದ ಅಜ್ಜಿಗೆ ಹೇಳಿದಳು: “ಅಮ್ಮ ನೀನು.”

ಅಮ್ಮ ಗಾಬರಿಯಿಂದ ಏನೇನೋ ಸಮಾಧಾನ ಹೇಳುತ್ತಿದ್ದರು. ನನಗೆ ಒಂದೂ ಕೇಳಿಸಲಿಲ್ಲ. ಫೋನಿಟ್ಟು ಪ್ರಸನ್ನನ ಕಡೆ ತಿರುಗಿದೆ.

“ಊರಿಗೆ ಟಿಕೆಟ್ ಮಾಡ್ಸು. ಪ್ರಾಜೆಕ್ಟ್ ಹಾಳಾಗ್ಲಿ. ಅವಳು ಅತ್ತು ನನ್ನ ಒದ್ರೂ ಸರಿ, ಇಲ್ಲಿಗೆ ಎತ್ಕೊಂಡೇ ಬರ್ತೀನಿ.”